ಮುದ್ದಪ್ಪನ ಆಣೆ ಬಿಡಿಸುವವರು ಯಾರು?

ಕಿಲಾರಿ ಮುದ್ದಪ್ಪನ ಕೂಲಿ ಇನ್ನೂ ಬಾಕಿ ಇದೆ. ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಹಿರಿಯೂರು ತಾಲ್ಲೂಕಿನ ಒಂದು ಗುಡ್ಡದ ಬುಡದಲ್ಲಿ ಹಳೇ ಕಲ್ಲುಗಳನ್ನು ಅಗೆಸಿದವರು ಕಡೇ ವಾರದ ಬಟವಾಡೆ ಕೊಡದೆ ಡೇರೆ ಕಿತ್ತುಕೊಂಡು ಹೋದರು. ಆ ದುಡ್ಡಿನ ಮಾತು ಇಲ್ಲಿಗೆ ಬಿಡುತ್ತೇನೆ. ಅಂಥ ಬಾಕಿಗೆ ಧರಣಿ ಕೂರುವುದು ಕೂಲಿಕಾರರ ಸಂಘದ ನಮಗೆ ಗೊತ್ತು, ಕೂತು ಪೊಲೀಸರ ಲಾಠಿ ತಿಂದೂ ಗೊತ್ತು. ಅವನಿಗೆ ಬರಬೇಕಾದ್ದು ಇನ್ನೊಂದಿದೆ. ಅದಕ್ಕೆ ಯಾವ ಕಚೇರಿಯ ಮುಂದೆ ಕೂರಬೇಕೋ ಇವತ್ತಿಗೂ ತಿಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಾರಿಕಣಿವೆ ದಾಟಿ ಹೊಸದುರ್ಗದ ದಿಕ್ಕಿಗೆ ಹೋಗುವಾಗ ಎಡಕ್ಕೆ ಒಂದು ಬಂಡಿದಾರಿ ಸಿಗುತ್ತದೆ. ಅದರ ಕೊನೆಗೆ ಕರೇಕಲ್ಲಹಟ್ಟಿ. ಗೊಲ್ಲರ ಹಟ್ಟಿ. ಸುತ್ತ ಮುಳ್ಳುಬೇಲಿ, ಒಂದೇ ಬಾಗಿಲು. ಕುರಿ ಕಾಯುವುದು, ಒಂದಿಷ್ಟು ಸಜ್ಜೆ ಹುರುಳಿ ಬಿತ್ತುವುದು, ಇಷ್ಟೇ ಬದುಕು. ಹಟ್ಟಿಯ ದೇವರಿಗೆ ಅಂತ ಒಂದು ದನದ ಹಿಂಡು ಉಂಟು. ದೇವರ ಎತ್ತುಗಳು ಅನ್ನುತ್ತಾರೆ. ಅವಕ್ಕೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ, ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆ ಮಣ್ಣು ಮಾಡುತ್ತಾರೆ. ಆ ಹಿಂಡು ಕಾಯುವವನೇ ಕಿಲಾರಿ. ಮುದ್ದಪ್ಪನ ಅಪ್ಪ ಕಿಲಾರಿ, ತಾತ ಕಿಲಾರಿ, ಮುದ್ದಪ್ಪನೂ ಮೀಸೆ ಮೂಡುವ ಮೊದಲೇ ಕಿಲಾರಿ. ಹಿಂಡಿನ ಹಿರೀ ಎತ್ತು ಸಿರಿಯಣ್ಣ ಮುಂದೆ ನಡೆದರೆ ಮಿಕ್ಕವೆಲ್ಲ ಹಿಂದೆ. ಸಿರಿಯಣ್ಣ ಮುದ್ದಪ್ಪನ ಹಿಂದೆ.

ಕಿಲಾರಿಗೆ ಒಂದು ಕಟ್ಟಳೆ. ಸಾವು ಮುಟ್ಟಬಾರದು. ಚಟ್ಟಕ್ಕೆ ಹೆಗಲು ಕೊಡುವಂತಿಲ್ಲ, ಮಸಣದ ಕಡೆ ಕಾಲು ಹಾಕುವಂತಿಲ್ಲ. ಹೆತ್ತವ್ವ ಸತ್ತಾಗಲೂ ಮುದ್ದಪ್ಪ ಮಣ್ಣಿಗೆ ಹೋಗಲಿಲ್ಲ, ಹಿಂಡು ಕೂಡುವ ರೊಪ್ಪದಲ್ಲಿ ಸಿರಿಯಣ್ಣನ ಕುತ್ತಿಗೆ ಹಿಡಿದುಕೊಂಡು ಅತ್ತ. ತಪ್ಪಿ ಮುಟ್ಟಿದರೆ ದಾರಿ ಇಲ್ಲವೆಂದಲ್ಲ. ಹಟ್ಟಿಯ ಬಾಗಿಲಲ್ಲಿ ನಿಂತು ಎಲ್ಲರ ಮುಂದೆ ಏನು ಮುಟ್ಟಿದೆ ಅಂತ ತನ್ನ ಬಾಯಿಂದಲೇ ಹೇಳಬೇಕು. ಯಜಮಾನರು ಅರಿಸಿನದ ನೀರು ಹಾಕಿ ಒಳಕ್ಕೆ ಕರೆಯುತ್ತಾರೆ. ಹೇಳದೆ ಒಳಗೆ ಬಂದರೆ ಆ ಸೂತಕ ಹಿಂಡಿಗೆ ತಗಲುತ್ತದೆ ಅಂತ ನಂಬಿಕೆ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ಇಲ್ಲಿ ನನ್ನ ನಂಬಿಕೆ ಕಟ್ಟಿಕೊಂಡು ಯಾರಿಗೇನು? ಅವನು ನಂಬಿದ್ದ.

ಆ ವರ್ಷ ಹಿಂಡು ಮೇಯುತ್ತಿದ್ದ ಕಾವಲಿಗೆ ತಂತಿಬೇಲಿ ಬಿತ್ತು. ನೀಲಗಿರಿ ನೆಡ್ತೀವಿ, ದನ ಹೊಡೀಬೇಡಿ ಅಂದರು ಅರಣ್ಯ ಇಲಾಖೆಯವರು. ದೇವರ ಎತ್ತು ಅಂದರೆ ಗಾರ್ಡು ನಕ್ಕ. ಹುಲ್ಲು ಕೊಳ್ಳಬೇಕು. ಹಟ್ಟಿಯವರು ಮೊದಮೊದಲು ಹೊರೆ ಹೊರೆ ಕೊಟ್ಟರು, ಆಮೇಲೆ ಮುಖ ತಿರುಗಿಸಿದರು. ಆ ಹೊತ್ತಿಗೆ ಗುಡ್ಡದ ಬುಡದಲ್ಲಿ ಡೇರೆಗಳು ಬಂದವು. ಅಗೆಯುವುದಕ್ಕೂ ಕಾಯುವುದಕ್ಕೂ ಆಳು ಬೇಕಂತೆ ಅಂತ ಸುದ್ದಿ ಬಂತು. ಎತ್ತುಗಳ ಹುಲ್ಲಿಗೋಸ್ಕರ ಮುದ್ದಪ್ಪ ಜೀವನದಲ್ಲಿ ಮೊದಲನೇ ಸಲ ಇನ್ನೊಬ್ಬರ ಕೆಳಗೆ ಕೂಲಿ ಕೇಳಲು ಹೋದ.

ಅಗೆಸಲು ಬಂದಿದ್ದ ಸಾಹೇಬರು ಇಬ್ಬರು. ದೂರದ ಊರಿನವರು, ಪುಸ್ತಕದ ಕನ್ನಡ. ಆಳು ಹಿಡಿಯುವವನು ಮೇಸ್ತ್ರಿ ಓಬಳೇಶಪ್ಪ, ಹೊಳಲ್ಕೆರೆ ಸೀಮೆಯ ಬಿ.ದುರ್ಗದ ಕಡೆಯವನು. ಇವನ ಚಾಳಿ, ಅಗೆಯುವ ಕಡೆ ನಡೆದ ಮಾತುಕತೆ, ನನಗೆ ಹೇಳಿದ್ದು ನಿಂಗಕ್ಕ. ಪಕ್ಕದ ಊರಿನ ದಲಿತರ ಕೇರಿಯ ಹೆಂಗಸು, ಅಲ್ಲಿ ಮಂಕರಿಯಲ್ಲಿ ಮಣ್ಣು ಹೊತ್ತವಳು, ನಮ್ಮ ಹೋರಾಟದಲ್ಲಿ ನಮಗಿಂತ ಗಟ್ಟಿ ಗಂಟಲಿನವಳು.

"ಏನ್ ಕೆಲ್ಸ ಮೇಸ್ತ್ರಿ?" ಅಂದನಂತೆ ಮುದ್ದಪ್ಪ.

"ಹಗಲೆಲ್ಲ ಮಣ್ಣು ಅಗಿಯೋದು, ಆಮೇಲೆ ಆ ಮಣ್ಣು ಕಾಯೋದು."

"ಮಣ್ಣು ಯಾರು ಕದೀತಾರೆ?"

"ನಿನ್ನಂಗೆ ಪ್ರಶ್ನೆ ಕೇಳೋರೇ ಕದಿಯೋದು ಕಣಲೇ."

ಅಗೆಯಬೇಕಾದ್ದು ಮೋರೇರ ಮನೆಗಳನ್ನು. ನಾಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲಿನ ಗೂಡುಗಳು, ಅರ್ಧ ನೆಲದೊಳಗೆ. ಹಿಂದೆ ಮೊಣಕಾಲೆತ್ತರದ ಜನ ಇದ್ದರು, ಅವರು ಕಟ್ಟಿಕೊಂಡ ಮನೆ ಇವು ಅಂತ ನಮ್ಮ ಕಡೆ ಹಟ್ಟಿಹಟ್ಟಿಯಲ್ಲೂ ಹೇಳುತ್ತಾರೆ. ಕುರಿ ಕಾಯುವವರು ಮಳೆ ಬಂದರೆ ಅದರೊಳಗೆ ಕೂರುತ್ತಾರೆ. ಗೋರಿ ಅಂತ ಯಾರ ತಲೆಗೂ ಹೊಳೆದಿಲ್ಲ.

ಆದರೂ ಮುದ್ದಪ್ಪ ಕೇಳಿದ. "ಸಾವು ಗೀವು ಏನೂ ಇಲ್ವಲ್ಲ? ನಾನು ಕಿಲಾರಿ."

"ಹೆಸರೇ ಮನೆ ಅಂತೈತೆ. ಮನೇಲಿ ಅಡಿಗೆ ಮಾಡ್ತಾರೇನಪ್ಪ, ಸಾಯ್ತಾರಾ? ಮಡಕೆ ಕುಡಿಕೆ ಸಿಗ್ತಾವೆ, ಅಷ್ಟೇ."

ಓಬಳೇಶಪ್ಪನಿಗೆ ಗೊತ್ತಿತ್ತು. ಅವನು ಹಿಂದೆ ಎಷ್ಟೋ ಕಡೆ ಇಂಥವನ್ನು ಅಗೆಸಿದವನು.

ಚಿಕ್ಕ ಸಾಹೇಬರು ಒಂದು ಕಾಗದ ಓದಿದರು. ಇಲ್ಲಿ ಕಂಡದ್ದನ್ನು ಹೊರಗೆ ಯಾರಿಗೂ ಹೇಳಕೂಡದು, ಹೆಂಡತಿಗೆ, ಊರಿಗೆ, ಚಹಾ ಅಂಗಡಿಯಲ್ಲಿ, ಎಲ್ಲೂ. ಹೇಳಿದರೆ ಕೆಲಸ ಹೋಗುತ್ತದೆ, ಪೊಲೀಸರಿಗೂ ಕೊಡುತ್ತೇವೆ. ಗುಟ್ಟಿಗೆ ಕಾರಣ ಇತ್ತು, ಇಲ್ಲ ಅನ್ನುವುದಿಲ್ಲ. ಆಚೆ ಗುಡ್ಡದಲ್ಲಿ ನಿಧಿ ಕಳ್ಳರು ಹಾರೆ ಹಾಕಿ ಎರಡು ಗೂಡು ಪುಡಿ ಮಾಡಿ ಹೋಗಿದ್ದರು. ಮುದ್ದಪ್ಪ ಹೆಬ್ಬೆಟ್ಟು ಒತ್ತಿ, ಬೆರಳನ್ನು ಪಂಚೆಗೆ ಒರೆಸಿಕೊಂಡ.

ಓಬಳೇಶಪ್ಪ ನಕ್ಕ. "ಸಾರ್, ಈ ಜನಕ್ಕೆ ಹೆಬ್ಬೆಟ್ಟು ಅಂದ್ರೆ ಬರೀ ಮಸಿ. ನೋಡಿದ್ರಾ, ಒರೆಸ್ಕಂಡ. ಇವನ ಬಾಯಿಗೆ ಬೀಗ ಬೇರೇನೇ ಐತೆ, ಬರ್ರಿ ತೋರಿಸ್ತೀನಿ."

ಹಿಂಡು ಅಲ್ಲೇ ಹಳ್ಳದ ದಂಡೆಯಲ್ಲಿತ್ತು. ಮುದ್ದಪ್ಪನ ಕೈ ಹಿಡಿದು ಸಿರಿಯಣ್ಣನ ಬಲಗೊಂಬಿನ ಮೇಲೆ ಇಡಿಸಿದ. "ಹೇಳು. ಇಲ್ಲಿ ಕಂಡಿದ್ದು ಇಲ್ಲೇ. ಹೆಂಡ್ತಿಗೆ ಹೇಳಲ್ಲ, ಹಟ್ಟಿಗೆ ಹೇಳಲ್ಲ. ಹೇಳಿದ್ರೆ ಹಿಂಡು ರೊಪ್ಪಕ್ಕೆ ತಿರುಗಿ ಬರದಂಗಾಗಲಿ."

ಮುದ್ದಪ್ಪ ಹೇಳಿದ. ಮಡಕೆ ತಾನೆ, ಮಡಕೆಯ ವಿಷಯ ಹಟ್ಟಿಗೆ ಹೇಳದಿದ್ದರೆ ಯಾರ ಗಂಟು ಹೋಗುತ್ತದೆ? ಚಿಕ್ಕ ಸಾಹೇಬರಿಗೆ ಇದು ಬಹಳ ಚೆಂದ ಕಂಡಿತು. ಕ್ಯಾಮೆರಾ ತಂದು ಫೋಟೋ ತೆಗೆದರು.

ಇಂಥ ಆಣೆಗೆ ಬಿಡುಗಡೆ ಒಂದೇ ಬಗೆ. ಇಡಿಸಿದವನೇ ಬರಬೇಕು, ಅದೇ ಕೊಂಬು ಹಿಡಿದು "ಬಿಟ್ಟೆ" ಅನ್ನಬೇಕು. ಕೆಲಸ ಮುಗಿದಾಗ ಮೇಸ್ತ್ರಿ ಬಿಡಿಸುತ್ತಾನೆ ಅಂತ ಮುದ್ದಪ್ಪ ಅಂದುಕೊಂಡ. ಬಿಡಿಸುವುದು ಅಂತ ಒಂದಿದೆ ಅನ್ನುವುದೇ ಸಾಹೇಬರಿಗೆ ಗೊತ್ತಿರಲಿಲ್ಲ.

ಮೊದಲ ಗೂಡಿನ ಮುಚ್ಚುಗಲ್ಲನ್ನು ಹಾರೆಯಲ್ಲಿ ಮೀಟಿ ಎತ್ತಿದರು. ಒಳಗೆ ಕೆಂಪು ಕಪ್ಪು ಮಡಕೆ ಬಂದವು. ಹಗುರಾಗಿ ಕಾಲಿಡುವವನು ಅಂತ ಮುದ್ದಪ್ಪನನ್ನೇ ಕೆಳಗಿಳಿಸಿ ಕೈಗೆ ಬ್ರಷ್ ಕೊಟ್ಟಿದ್ದರು. ಮಣ್ಣು ಗುಡಿಸುತ್ತಾ ಗುಡಿಸುತ್ತಾ ಬೇರು ಅಂತ ಏನನ್ನೋ ಹಿಡಿದೆತ್ತಿದ. ದವಡೆ. ಹಲ್ಲು ಇನ್ನೂ ಕೂತಿದ್ದವು, ಅಕ್ಕಿಕಾಳಿನಷ್ಟಷ್ಟು.

"ಅಯ್ಯೋ, ಮಗಿಂದು ಕಣಣ್ಣೋ" ಅಂದಳು ಮೇಲೆ ಮಂಕರಿ ಹಿಡಿದು ನಿಂತಿದ್ದ ನಿಂಗಕ್ಕ.

ಸಾಹೇಬರು ಚಪ್ಪಾಳೆ ತಟ್ಟಿದರು. ಅವರು ಹುಡುಕಿ ಬಂದದ್ದು ಅದನ್ನೇ. ಮುದ್ದಪ್ಪ ಹೊರಗೆ ಹತ್ತಿ ಬಂದು ಕೈಯನ್ನು ಮೈಯಿಂದ ದೂರ ಚಾಚಿಕೊಂಡು ನಿಂತ, ಕೈ ಸುಟ್ಟುಕೊಂಡವನ ಹಾಗೆ.

"ಸ್ವಾಮಿ, ನಾನು ಹಟ್ಟಿ ಬಾಗಿಲಲ್ಲಿ ಒಂದು ಮಾತು ಹೇಳ್ಬೇಕು. ಹೇಳದೆ ಒಳಗೆ ಹೋಗಂಗಿಲ್ಲ. ಅಪ್ಪಣೆ ಕೊಡ್ರಿ."

"ವರದಿ ಅಚ್ಚಾಗುವವರೆಗೆ ಯಾರಿಗೂ ಹೇಳುವಂತಿಲ್ಲ, ಮುದ್ದಪ್ಪ. ಓದಿ ಹೇಳಿದೆನಲ್ಲ?"

"ಅದು ಯಾವಾಗ ಆಗ್ತೈತೆ?"

"ಒಂದೆರಡು ವರ್ಷ ಆಗಬಹುದು."

ಓಬಳೇಶಪ್ಪನ ಬಳಿ ಹೋದರೆ ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಲೇ, ಇದು ಎಮರ್ಜೆನ್ಸಿ. ದೊಡ್ಡ ದೊಡ್ಡೋರೇ ಬಾಯಿ ಬಿಟ್ಟು ಒಳಗೆ ಕುಂತವ್ರೆ. ನಿಂದೇನು ಲೆಕ್ಕ? ಮುಚ್ಕಂಡಿರು."

ಅದು ನಿಜ. ಆ ವರ್ಷ ನಾನೂ ಒಳಗಿದ್ದೆ.

ಅವತ್ತು ಸಂಜೆ ಹಿಂಡು ಹಟ್ಟಿಗೆ ಬಂತು, ಮುದ್ದಪ್ಪ ಬೇಲಿಯ ಹೊರಗೇ ಕೂತ. ರೊಪ್ಪದ ಬಾಗಿಲಲ್ಲಿ ಸಿರಿಯಣ್ಣ ನಿಂತು ತಿರುಗಿ ನೋಡಿದ. ಇವನು ಏಳಲಿಲ್ಲ. ಹೆಂಡತಿ ಚಿತ್ತಮ್ಮ ಬಂದಳು.

"ಒಳಗೆ ಬಾ, ಮುದ್ದೆ ಆರ್ತೈತೆ."

"ಬರಂಗಿಲ್ಲ."

"ಯಾಕೆ?"

"ಕೇಳಬ್ಯಾಡ. ಆಣೆ ಐತೆ."

"ಏನು ಮುಟ್ಟಿದೆ? ಹೆಣ್ಣಾ?"

"ಹೆಣ್ಣಾಗಿದ್ರೆ ನಿನಗೆ ಹೇಳಿ, ಒದೆ ತಿಂದು, ಇಷ್ಟೊತ್ತಿಗೆ ಉಂಡು ಮಲಗಿರ್ತಿದ್ದೆ ಕಣೇ."

ಚಿತ್ತಮ್ಮ ಮುದ್ದೆಯನ್ನು ಹೊರಕ್ಕೆ ತಂದಿಟ್ಟಳು. ಅವತ್ತಿಂದ ಹೊರಗೇ ಊಟ, ಹೊರಗೇ ಮಲಗುವುದು. ಹುಲ್ಲು ತರುತ್ತಿದ್ದ, ಬೇಲಿಯ ಮೇಲಿಂದ ಒಳಕ್ಕೆ ಎಸೆಯುತ್ತಿದ್ದ.

ಹಟ್ಟಿ ಸುಮ್ಮನಿರುತ್ತದಾ? ಕಿಲಾರಿ ರೊಪ್ಪಕ್ಕೆ ಕಾಲಿಡುತ್ತಿಲ್ಲ. ಕೇಳಿದರೆ ಆಣೆ ಅನ್ನುತ್ತಾನೆ. ಅಲ್ಲಿ ಡೇರೆ, ತಗಡಿನ ಪೆಟ್ಟಿಗೆ, ಕಾವಲು. ಮಡಕೆ ಚೂರಿಗೆ ಯಾರಾದರೂ ದೇವರ ಎತ್ತಿನ ಮೇಲೆ ಆಣೆ ಇಡಿಸ್ತಾರಾ? ಚಿನ್ನವೇ ಅಂತ ತೀರ್ಮಾನ ಆಯಿತು. ನಿಧಿ ಮುಟ್ಟಿದವನು ಅದಕ್ಕೆ ಬಲಿ ಒಪ್ಪಿಸುವವರೆಗೂ ದೇವರ ರೊಪ್ಪಕ್ಕೆ ಬರುವುದಿಲ್ಲ ಅಂತ ಯಾರೋ ಮುದುಕಿ ಸೇರಿಸಿದಳು. ಅಷ್ಟು ಸಾಕಾಯಿತು. ಕೂಸು ಇರುವ ತಾಯಂದಿರು ಅವನನ್ನು ಕಂಡರೆ ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಏನ್ ಸಾವ್ಕಾರ್ರೇ, ಬಿಸಿಲಲ್ಲಿ ಕುಂತೀರಲ್ಲ, ಬಂಗಲೆ ಯಾವಾಗ ಕಟ್ಟಿಸ್ತೀರಿ?" ಅಂತ ಬೇಲಿಯ ಒಳಗಿಂದ ಹುಡುಗರು ಕೂಗುತ್ತಿದ್ದರು. ಒಂದು ಮಧ್ಯಾಹ್ನ ನಾಲ್ಕಾರು ಗಂಡಸರು ಅವನ ಗುಡಿಸಲಿಗೆ ನುಗ್ಗಿ ನೆಲ ಅಗೆದರು. ಒಲೆ ಕಿತ್ತರು. ರಾಗಿ ತುಂಬಿದ ಮಣ್ಣಿನ ವಾಡೆ ಒಡೆದರು. ಚಿತ್ತಮ್ಮ ಬಾಗಿಲಿಗೆ ಒರಗಿಕೊಂಡು ನೋಡಿದಳು. "ಸಿಕ್ಕಿದ್ರೆ ನನಗೂ ಒಂದು ಸರ ಮಾಡಿಸ್ರಪ್ಪಾ" ಅಂದಳಂತೆ. ಅವರು ಹೋದ ಮೇಲೆ ಮೂರು ಕಲ್ಲು ಹೂಡಿ ಅಲ್ಲೇ ಒಲೆ ಹಚ್ಚಿದಳು.

ಮುಂಗಾರಿಗೆ ಮುಂಚೆ ಒಂದು ಬೆಳಿಗ್ಗೆ ಕೆಲಸ ನಿಲ್ಲಿಸಿ ಹೊರಡಿ ಅಂತ ಮೇಲಿಂದ ತಂತಿ ಬಂತಂತೆ. ಸಾಹೇಬರು ಮಡಕೆ, ಮೂಳೆ ಎಲ್ಲ ಹತ್ತಿಯಲ್ಲಿ ಸುತ್ತಿ ಲಾರಿಗೆ ಹಾಕಿಸಿದರು. ಓಬಳೇಶಪ್ಪ ಡ್ರೈವರನ ಪಕ್ಕ ಕೂತ. ಹಳ್ಳದಾಚೆ ಹುಲ್ಲು ಕೊಯ್ಯುತ್ತಿದ್ದ ಮುದ್ದಪ್ಪ ಓಡೋಡಿ ಬರುವಷ್ಟರಲ್ಲಿ ಧೂಳು ಮಾತ್ರ ಉಳಿದಿತ್ತು.

ಅದಾದ ಮೇಲೆ ಸಿರಿಯಣ್ಣ ಮೇವು ಬಿಟ್ಟ. ವಯಸ್ಸಾಗಿತ್ತು ಅನ್ನಿ. ಆದರೆ ಬೇರೆಯವರ ಕೈಯ ಹುಲ್ಲಿಗೆ ಮೂತಿ ಒಡ್ಡಲಿಲ್ಲ ಅನ್ನುವುದನ್ನು ಹಟ್ಟಿಯವರೂ ಒಪ್ಪುತ್ತಾರೆ. ರೊಪ್ಪದೊಳಗೆ ಎತ್ತು ಮಲಗಿತು. ಬೇಲಿಯ ಸಂದಿಯಲ್ಲಿ ಇವನು ಕಣ್ಣಿಟ್ಟು ಕೂತ. ಎತ್ತು ಸತ್ತರೆ ಕೊಂಬಿಲ್ಲ, ಕೊಂಬಿಲ್ಲದೆ ಬಿಡುಗಡೆ ಇಲ್ಲ. ಮುದ್ದಪ್ಪ ಎದ್ದ.

ಲಾರಿ ಹತ್ತಿ ಹೊಸದುರ್ಗ, ಅಲ್ಲಿಂದ ಬಸ್ಸಿನಲ್ಲಿ ಹೊಳಲ್ಕೆರೆ, ಮುಂದಕ್ಕೆ ಕಾಲುನಡಿಗೆ. ಓಬಳೇಶಪ್ಪ ಮನೆಯ ಜಗಲಿಯ ಮೇಲೆ ಕಡ್ಲೆಕಾಯಿ ಸುಲಿಯುತ್ತಾ ಕೂತಿದ್ದ. ಆ ಮಾತುಕತೆಯನ್ನು ಎರಡು ವರ್ಷದ ಮೇಲೆ ಓಬಳೇಶಪ್ಪನೇ ನನಗೆ ಹೇಳಿದ್ದು, ನಗುತ್ತಾ ಶುರು ಮಾಡಿ, ಕೊನೆಗೆ ನಗದೆ.

"ಮೇಸ್ತ್ರಿ, ಬರ್ರಿ. ಎತ್ತು ಮಲಗೈತೆ. ಬಂದು ಕೊಂಬು ಹಿಡೀರಿ."

"ಅದಕ್ಕೆ ಇಷ್ಟು ದೂರ ಬಂದ್ಯಾ? ಬಿಟ್ಟೆ ಹೋಗು. ಇಲ್ಲಿಂದ್ಲೇ ಬಿಟ್ಟೆ."

"ಇಲ್ಲಿಂದ ಆಗಲ್ಲ. ಕೊಂಬು ಅಲ್ಲೈತೆ."

"ಟಪಾಲಲ್ಲಿ ಕಳಿಸ್ಲಾ?"

ಮುದ್ದಪ್ಪ ಕಾಲು ಹಿಡಿದ. ದೇವರ ಎತ್ತಿಗೆ ಬಿಟ್ಟು ಇನ್ನಾರಿಗೂ ಬಗ್ಗದ ಆಳು ಕಡ್ಲೆಕಾಯಿ ಸಿಪ್ಪೆಯ ಮೇಲೆ ಹಣೆ ಇಟ್ಟ.

"ಏಳಲೇ. ನೋಡು, ನಾನು ಬಂದು ನಿಮ್ಮ ಹಟ್ಟೀಲಿ ನಿಂತು ಬಿಟ್ಟೆ ಅಂದ್ರೆ, ನೀನು ಬಾಯಿ ಬಿಡ್ತೀಯ. ಜನ ಹಾರೆ ತಗಂಡು ಗುಡ್ಡಕ್ಕೆ ಹೋಗ್ತಾರೆ. ನನ್ನ ಮುಂದಿನ ಕೆಲ್ಸ ಯಾರು ಕೊಡ್ತಾರೆ? ನಿನ್ನಪ್ಪ ಕೊಡ್ತಾನಾ?"

"ಹೋಗಾಣ ಮೇಸ್ತ್ರಿ. ಎತ್ತು ಸಾಯ್ತೈತೆ."

ಓಬಳೇಶಪ್ಪನ ಹೆಂಡತಿ ಶಾಂತಕ್ಕ ಒಳಗಿಂದ ಬಂದು ನೀರು ಕೊಟ್ಟಳು. "ಹೋಗಿ ಬರಬಾರ್ದಾ, ಎಂಥಾ ಗಂಡಸು ನೀನು" ಅಂತ ಗಂಡನನ್ನೇ ಬೈದಳು. ಅದಕ್ಕೆ ಅವನು, "ಆತು, ಸೋಮವಾರ ಬರ್ತೀನಿ. ಹೋಗಿ ಎತ್ತಿಗೆ ಹೇಳು, ಅಲ್ಲಿತನಕ ತಡ್ಕಳ್ಳಲಿ ಅಂತ" ಅಂದ.

ಸೋಮವಾರ ಮುದ್ದಪ್ಪ ಬಂಡಿದಾರಿ ಕೂಡುವ ಕಡೆ ಹೊತ್ತು ಹುಟ್ಟುವ ಮೊದಲೇ ನಿಂತ. ಬಸ್ಸು ಬಂದಾಗೆಲ್ಲ ಇಳಿಯುವವರ ಮುಖ ನೋಡಿದ. ಕಂಡಕ್ಟರು "ಯಾರು ಬರ್ಬೇಕಿತ್ತು ಯಜಮಾನ, ಮೊದಲಗಿತ್ತೀನಾ?" ಅಂತ ತಮಾಷೆ ಮಾಡಿದ. ಕೊನೇ ಬಸ್ಸೂ ನಿಲ್ಲದೆ ಹೋಯಿತು. ಓಬಳೇಶಪ್ಪ ಬರಲಿಲ್ಲ. ಮಂಗಳವಾರ ಸಿರಿಯಣ್ಣ ಸತ್ತ.

ದೇವರ ಎತ್ತು ಸತ್ತರೆ ಹಟ್ಟಿಯಲ್ಲಿ ಒಲೆ ಹಚ್ಚುವುದಿಲ್ಲ. ಕೊಂಬಿಗೆ ಅರಿಸಿನ ಬಳಿದು, ಹೊಸ ಬಟ್ಟೆ ಹೊದಿಸಿ, ಉರುಮೆ ಬಡಿಯುತ್ತಾ ಹೊತ್ತುಕೊಂಡು ಹೊರಟರು. ಗುಂಡಿ ಬೇಲಿಯ ಒಳಗೇ, ರೊಪ್ಪದ ಮಗ್ಗುಲಲ್ಲಿ. ಮನುಷ್ಯರ ಸಾವು ಮುಟ್ಟಬಾರದ ಕಿಲಾರಿ ಮುಟ್ಟಬಹುದಾದ ಸಾವು ಇದೊಂದೇ. ಮೊದಲ ಹಿಡಿ ಮಣ್ಣು ಅವನದೇ ಆಗಬೇಕು. ಅವನು ಹಾಕದೆ ಉಳಿದವರು ಹಾಕುವಂತಿಲ್ಲ.

ಹಟ್ಟಿಯ ಯಜಮಾನ ಜುಂಜಪ್ಪ ಬಾಗಿಲಿಗೆ ಬಂದ. ಒಳ್ಳೆ ಮನುಷ್ಯ, ಇದನ್ನು ಹೇಳಲೇಬೇಕು. ಕೈಯಲ್ಲಿ ಅರಿಸಿನದ ನೀರಿನ ಚೊಂಬು ಹಿಡಿದೇ ಬಂದಿದ್ದ.

"ಮುದ್ದಪ್ಪ, ಎತ್ತು ಕಾಯ್ತಾ ಐತೆ. ಒಂದು ಮಾತು ಹೇಳು. ಏನು ಮುಟ್ಟಿದೆ?"

ಮುದ್ದಪ್ಪ ಎರಡೂ ಕೈ ಮುಗಿದ.

"ಚಿನ್ನ ಆದ್ರೂ ಹೇಳಪ್ಪ. ನಮಗೆ ಬ್ಯಾಡ ಅದು. ಬಾಯಿ ಬಿಡು, ನೀರು ಹಾಕ್ತೀನಿ, ಒಳಗೆ ಬಾ."

ಸುದ್ದಿ ಕೇಳಿ ಬಂದಿದ್ದ ನಿಂಗಕ್ಕ ದಾರಿಯಿಂದಲೇ ಕೂಗಿದಳು. "ಮೂಳೆ ಕಣ್ರಯ್ಯಾ! ಮಗಿನ ಮೂಳೆ! ಚಿನ್ನಾನೂ ಇಲ್ಲ ಗಿನ್ನಾನೂ ಇಲ್ಲ! ನಾನೇ ಕಂಡೀನಿ!"

ಆಣೆ ಇಡಿಸುವಾಗ ಹೆಂಗಸರ ನೆನಪು ಯಾರಿಗೂ ಆಗಿರಲಿಲ್ಲ. ಅವಳ ಬಾಯಿಗೆ ಬೀಗ ಇರಲಿಲ್ಲ. ಆದರೆ ಕೇರಿಯವಳ ಮಾತಿಗೆ ಆ ಬೇಲಿಯೊಳಗೆ ಜಾಗವೂ ಇರಲಿಲ್ಲ. "ನಿನ್ನ ಯಾರಮ್ಮ ಕೇಳಿದ್ರು? ಅವನ ಬಾಯಿ ಬಿದ್ದೋಗೈತಾ?" ಅಂದ ಜುಂಜಪ್ಪ. ಆಮೇಲೆ ಮುದ್ದಪ್ಪನ ಕಡೆ ತಿರುಗಿ, "ಇವಳು ಹೇಳಿದ್ದು ನಿಜವಾ? ಹೂಂ ಅನ್ನು ಸಾಕು, ತಲೆ ಆಡಿಸು" ಅಂದ.

ಎಲ್ಲರೂ ಅವನ ತಲೆಯನ್ನೇ ನೋಡಿದರು. ಅವನು ನೋಡಿದ್ದು ರೊಪ್ಪದ ಕಡೆ. ಹಿಂಡು ಅಲ್ಲಿ ನಿಂತಿತ್ತು, ಮುಂದೆ ನಡೆಯುವವನಿಲ್ಲದೆ. ಹೇಳಿದ್ರೆ ಹಿಂಡು ತಿರುಗಿ ಬರದಂಗಾಗಲಿ ಅಂತ ಅವನ ಬಾಯೇ ಹೇಳಿತ್ತು. ತಲೆ ಆಡಿಸಲಿಲ್ಲ. ಬಗ್ಗಿ ತನ್ನ ಕಾಲ ಬುಡದ ಮಣ್ಣು ಒಂದು ಹಿಡಿ ತೆಗೆದ. ಬೇಲಿಯ ಹೊರಗೇ, ನಿಂತಲ್ಲೇ ಬಿಟ್ಟ. ಜುಂಜಪ್ಪ ಚೊಂಬಿನ ನೀರನ್ನು ಬೇಲಿಯ ಬುಡಕ್ಕೆ ಚೆಲ್ಲಿ ಒಳಗೆ ಹೋದ. ಯಾರೋ ದಾಯಾದಿಯ ಕೈಯಲ್ಲಿ ಮೊದಲ ಮಣ್ಣು ಹಾಕಿಸಿದರು. ಅವನೇ ಈಗ ಕಿಲಾರಿ.

ಮುದ್ದಪ್ಪ ಚಿತ್ತಮ್ಮ ಈಗ ಬಂಡಿದಾರಿ ಕೂಡುವ ಕಡೆ ಒಂದು ಸೋಗೆ ಮರೆಯಲ್ಲಿದ್ದಾರೆ. ಅವಳು ಕೂಲಿಗೆ ಹೋಗುತ್ತಾಳೆ. ಅವನು ಜಲ್ಲಿ ಒಡೆಯುತ್ತಾನೆ. ಹಿಂಡು ಆ ಕಡೆ ಹಾದರೆ ಎದ್ದು ಮರೆಗೆ ಹೋಗುತ್ತಾನೆ.

ಜೈಲಿಂದ ಬಂದ ಮೇಲೆ ನಿಂಗಕ್ಕ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ನಾನು ಎಷ್ಟು ಕೆದಕಿದರೂ ಮುದ್ದಪ್ಪ ಎಲೆ ಅಡಿಕೆ ಕೊಟ್ಟ, ಮಾತು ಕೊಡಲಿಲ್ಲ. ಸಾಹೇಬರಿಗೆ ಬರೆದೆವು. ಉತ್ತರ ಬಂತು, ಒಳ್ಳೆ ಕಾಗದದಲ್ಲಿ: ವರದಿ ಪ್ರಕಟವಾಗಿದೆ, ಈಗ ಯಾವ ನಿರ್ಬಂಧವೂ ಇಲ್ಲ, ಸದರಿ ವ್ಯಕ್ತಿ ಧಾರಾಳವಾಗಿ ಮಾತಾಡಬಹುದು. ದುರ್ಗದ ಒಬ್ಬ ಮೇಷ್ಟ್ರ ಮನೆಯಲ್ಲಿ ಆ ವರದಿಯ ಪುಸ್ತಕ ನೋಡಿದೆ. ದವಡೆಯ ಚಿತ್ರ ಇಡೀ ಪುಟದ ತುಂಬ ಇದೆ. ಇನ್ನೊಂದು ಪುಟದಲ್ಲಿ ಮುದ್ದಪ್ಪನೂ ಇದ್ದಾನೆ, ಸಿರಿಯಣ್ಣನ ಕೊಂಬು ಹಿಡಿದುಕೊಂಡು. ಕೆಳಗೆ ಸ್ಥಳೀಯ ದನಗಾಹಿ ಅಂತ ಬರೆದಿದೆ. ಲೋಕಕ್ಕೆಲ್ಲ ಅಚ್ಚಾದ ಗುಟ್ಟನ್ನು ಅವನೊಬ್ಬ ಇನ್ನೂ ಕಾಯುತ್ತಿದ್ದಾನೆ.

ಪುಸ್ತಕವನ್ನು ಹಟ್ಟಿಗೆ ಒಯ್ದೆವು. ಜುಂಜಪ್ಪ ಚಿತ್ರ ನೋಡಿದ, ಪುಸ್ತಕ ಮುಚ್ಚಿ ವಾಪಸು ಕೊಟ್ಟ. "ಮೂಳೆ ಅಂತ ನಮಗೂ ಗೊತ್ತಾತು ಬಿಡ್ರಿ. ಆದ್ರೆ ಆಣೆ ಪುಸ್ತಕ ಇಡಿಸಿದ್ದಲ್ಲವಲ್ಲ. ಕೊಂಬು ಮಣ್ಣಲ್ಲೈತೆ. ಇಡಿಸಿದೋನು ಬಂದು ಆ ಮಣ್ಣ ಮೇಲೆ ಕೈ ಇಟ್ಟು ಬಿಟ್ಟೆ ಅಂದ್ರೆ ಸಾಕು. ಅವತ್ತೇ ನೀರು ಹಾಕ್ತೀನಿ" ಅಂದ. ಓಬಳೇಶಪ್ಪನ ಹತ್ತಿರ ಹೋದೆವು. ಸಾಹೇಬರು ಹೇಳಲಿ ಅಂದ. ಸಾಹೇಬರು, ಪತ್ರದಲ್ಲೇ ಹೇಳಿದ್ದೇವಲ್ಲ ಅಂದರು.

ಇದನ್ನು ಓದುತ್ತಿರುವವರೇ, ನಿಮ್ಮಲ್ಲಿ ಆ ಪುಸ್ತಕ ಇಟ್ಟುಕೊಂಡವರಿದ್ದೀರಿ. ಆ ಸಾಹೇಬರ ಕೈಕೆಳಗೆ ಓದಿದವರಿದ್ದೀರಿ, ಅವರ ಜೊತೆ ಕಾಫಿ ಕುಡಿಯುವವರಿದ್ದೀರಿ. ಹೊಳಲ್ಕೆರೆ ಕಡೆಯ ನೆಂಟರೂ ನಿಮಗಿದ್ದಾರು. ಕನಿಕರ ನಿಮ್ಮಲ್ಲೇ ಇರಲಿ, ಅದು ನಮಗೆ ಬೇಡ. ಓಬಳೇಶಪ್ಪನ ರಟ್ಟೆ ಹಿಡಿದು ಎಬ್ಬಿಸಿ, ಬಸ್ಸಿಗೆ ಹತ್ತಿಸಿ. ಅವನು ಸಾಹೇಬರ ಹೆಸರು ಹೇಳಿದರೆ ಸಾಹೇಬರನ್ನೂ ಹತ್ತಿಸಿ. ಬಂಡಿದಾರಿ ಕೂಡುವ ಕಡೆ ಮುದ್ದಪ್ಪ ಜಲ್ಲಿ ಒಡೆಯುತ್ತಾ ಇವತ್ತಿಗೂ ಬಸ್ಸಿಂದ ಇಳಿಯುವವರ ಮುಖ ನೋಡುತ್ತಾನೆ. ಅವನನ್ನೂ ಕರೆದುಕೊಂಡು ಹಟ್ಟಿ ಬಾಗಿಲಿಗೆ ಬನ್ನಿ. ಯಾವತ್ತು ಬರುತ್ತೀರಿ, ಹೇಳಿ.